ದಿಯಾಂಬ್ರಳ ಎಡಗೈ

1317, ಫೆಬ್ರವರಿ 9

ಕೊಂತೆಸ್ಸ ಇವತ್ತು ನನಗೆ ಒಂದು ಕಟ್ಟು ಕಾಗದ ಕೊಟ್ಟಳು. "ಮತ್ತಿಯೋಲಕ್ಕ, ಅಮ್ಮನ ಜೊತೆ ಮೊದಲಿನಿಂದ ಇದ್ದವಳು ನೀನೊಬ್ಬಳೇ. ನೆನಪಿದ್ದದ್ದೆಲ್ಲ ಬರೆದುಕೊಡು, ನಾನು ತಿದ್ದಿ ಚರಿತ್ರೆ ಮಾಡ್ತೀನಿ" ಅಂದಳು. ತಿದ್ದುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಅವಳಿಗೆ ಬೇಕಾದದ್ದನ್ನು ನಾಲ್ಕು ಹಾಳೆಯಲ್ಲಿ ಬರೆದುಕೊಟ್ಟು, ಉಳಿದ ಕಾಗದವನ್ನು ಹಿಟ್ಟಿನ ಪೆಟ್ಟಿಗೆಯ ಹಿಂದೆ ಇಟ್ಟುಕೊಂಡಿದ್ದೇನೆ. ಇದು ನನಗೆ. ಬಾಯಿಬಿಟ್ಟು ಗೊಣಗಿದರೆ ಪಾಪನಿವೇದನೆಯಲ್ಲಿ ಹೇಳಬೇಕಾಗುತ್ತದೆ. ಬರೆದು ಗೊಣಗುವುದರ ಬಗ್ಗೆ ಯಾವ ಗುರುಗಳೂ ಏನೂ ಹೇಳಿಲ್ಲ, ನಾನೂ ಕೇಳಲು ಹೋಗಿಲ್ಲ.

ದಿಯಾಂಬ್ರಳಿಗೆ ಲಕ್ವ ಹೊಡೆದು ಇವತ್ತಿಗೆ ಒಂದು ವಾರ. ಮೇಣದ ಬತ್ತಿಗಳ ಹಬ್ಬದ ದಿನ ಮೆರವಣಿಗೆಯಲ್ಲಿ ಕೈಯಲ್ಲಿದ್ದ ಬತ್ತಿ ಬಿತ್ತು, ಆಮೇಲೆ ಅವಳೂ ಬಿದ್ದಳು. ಬಲಗಡೆ ಪೂರ್ತಿ ಹೋಗಿದೆ. ನಾಲಿಗೆಯೂ ಹೋಗಿದೆ. ಎಡಗೈ, ಎಡಗಾಲು, ಎರಡು ಕಣ್ಣು ಉಳಿದಿವೆ. ಕಣ್ಣು ಮಾತ್ರ ಮೊದಲಿನ ಹಾಗೇ ಇದೆ, ಒಂದು ನೋಟದಲ್ಲಿ ನಮ್ಮನ್ನು ಸೀದಾ ಕೂರಿಸುತ್ತದೆ.

ದೇವರ ಸೇವೆಗೆಂದು ಬಂದು ಈ ಬೆಟ್ಟದ ಮನೆಯಲ್ಲಿರುವ ಹನ್ನೊಂದು ಹೆಂಗಸರಿಗೂ ಅವಳು ಅಮ್ಮ. ಎಲ್ಲರ ಎದುರು ನಾನೂ ಅಮ್ಮ ಅನ್ನುತ್ತೇನೆ. ಇಬ್ಬರೇ ಇದ್ದಾಗ ದಿಯಾಂಬ್ರ. ಅದಕ್ಕೂ ಮೊದಲು, ಅವಳು ಬಟ್ಟೆ ವ್ಯಾಪಾರಿಯ ಹೆಂಡತಿಯಾಗಿದ್ದಾಗ, ನಾನು ಅವಳ ಮನೆಯ ಪಾತ್ರೆ ತೊಳೆಯುವವಳು. ಆಗ ಅಮ್ಮಾವ್ರು ಅನ್ನುತ್ತಿದ್ದೆ.

ಫೆಬ್ರವರಿ 16, ಬೂದಿ ಬುಧವಾರ

ಹಣೆಗೆ ಬೂದಿ ಇಡಿಸಿಕೊಂಡು ಬರುವಷ್ಟರಲ್ಲಿ ಬಿಷಪ್ಪರ ಕಡೆಯಿಂದ ಪತ್ರ ಬಂದಿತ್ತು. ಕೊಂತೆಸ್ಸ ಓದಿದಳು. ನಮ್ಮ ಮನೆಗೆ ಇನ್ನೂ ಪೋಪರು ಒಪ್ಪಿದ ನಿಯಮ ಇಲ್ಲವಂತೆ. ಆದ್ದರಿಂದ ನಾವೇ ಸೇರಿ ಒಬ್ಬಳನ್ನು ಹಿರಿಯಳಾಗಿ ಆರಿಸುವ ಹಕ್ಕೂ ಇಲ್ಲವಂತೆ. ಮನೆ ಕಟ್ಟಿದವಳು ತಾನೇ, ಬದುಕಿರುವಾಗ, ಸಾಕ್ಷಿಗಳ ಮುಂದೆ ಮುಂದಿನವಳನ್ನು ತೋರಿಸಬೇಕು. ತೋರಿಸದಿದ್ದರೆ ನಮ್ಮನ್ನೆಲ್ಲ ಕೆಳಗಿನ ಊರಿನ ದೊಡ್ಡ ಮಠಕ್ಕೆ ಸೇರಿಸಿ ಈ ಮನೆಯ ಬಾಗಿಲು ಮುಚ್ಚುತ್ತಾರೆ.

ದೊಡ್ಡ ಮಠದಲ್ಲಿ ಗೋಡೆ ಎರಡಾಳು ಎತ್ತರ. ಒಳಗೆ ಹೋದವರು ಹೊರಗೆ ಬರುವುದಿಲ್ಲ, ಹೊರಗಿನವರು ಒಳಗೆ ಬರುವುದಿಲ್ಲ. ನಮ್ಮ ಹೊರಕೋಣೆಯ ಆರು ಹಾಸಿಗೆಗಳಲ್ಲಿ ಇವತ್ತು ಐದು ತುಂಬಿವೆ. ರೋಮಿಗೆ ನಡೆದು ಹೊರಟ ಯಾತ್ರಿಕರು ಮೂವರು, ಕುಷ್ಠದವನೊಬ್ಬ, ಬಸುರಿಯೊಬ್ಬಳು. ಇವರನ್ನೆಲ್ಲ ಯಾವ ಮಠ ಸೇರಿಸಿಕೊಳ್ಳುತ್ತದೆ?

ಬಿಷಪ್ಪರ ಪ್ರತಿನಿಧಿ ದೋನ್ ಬೆರಾರ್ದೋ ಯೇಸು ಎದ್ದುಬಂದ ಪಾಸ್ಖ ಹಬ್ಬಕ್ಕೆ ಮುಂಚೆ ಬರುತ್ತಾರಂತೆ.

ಎಲ್ಲರೂ ಕೊಂತೆಸ್ಸಳ ಮುಖ ನೋಡಿದರು. ಹೆಸರೇ ಕೊಂತೆಸ್ಸ, ಅಂದರೆ ದೊರೆಸಾನಿ, ದೊಡ್ಡ ಮನೆಯಿಂದ ಬಂದವಳು, ಲ್ಯಾಟಿನ್ ಬಲ್ಲವಳು. ಅವಳೇ ಮುಂದಿನವಳು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಅಮ್ಮ ಅವಳ ಕಡೆ ಬೆರಳು ತೋರಿಸಿದರೆ ಸಾಕು. ಅಷ್ಟು ಮಾಡಿಬಿಡು ದಿಯಾಂಬ್ರ, ಆಮೇಲೆ ಬೇಕಾದಷ್ಟು ಮಲಗು.

ಫೆಬ್ರವರಿ 20, ಭಾನುವಾರ

ಅಮ್ಮ ನನ್ನ ಬಲಗೈ ಹಿಡಿದು, ಅಂಗೈಗೆ ತನ್ನ ಎಡ ಅಂಗೈ ಇಟ್ಟು ಒತ್ತಿದಳು. ಒತ್ತಿ ಸ್ವಲ್ಪ ಉಜ್ಜಿದಳು. ಮೂರು ಸಲ.

"ಪ್ರಾರ್ಥನೆಗೆ ಕೈ ಜೋಡಿಸ್ತಿದಾರೆ. ಬಲಗೈ ಇಲ್ಲವಲ್ಲ, ಅದಕ್ಕೆ ನಿನ್ನ ಕೈ" ಅಂದಳು ಕೊಂತೆಸ್ಸ. ಅಲ್ಲೇ ಮಂಡಿಯೂರಿ ಕೀರ್ತನೆ ಶುರುಮಾಡಿದಳು. ಉಳಿದವರೂ ಮಂಡಿಯೂರಿದರು. ಅಮ್ಮ ನಮ್ಮನ್ನೆಲ್ಲ ಒಂದು ಸುತ್ತು ನೋಡಿ ಮುಖವನ್ನು ಗೋಡೆಗೆ ತಿರುಗಿಸಿಕೊಂಡಳು.

ಬಸುರಿಗೆ ಹೆರಿಗೆಯಾಯಿತು. ಹೆಣ್ಣು. ಬಿಸಿನೀರು, ಬಟ್ಟೆ, ಕೂಗಾಟ, ಎಲ್ಲ ನನ್ನ ತಲೆಗೇ. ಬೇರೆ ಯಾರೂ ಇಲ್ಲದವರ ಹಾಗೆ ಎಲ್ಲರೂ ನನ್ನನ್ನೇ ಕೇಳುತ್ತಾರೆ.

ಫೆಬ್ರವರಿ 26

ಇವತ್ತು ಹೊಳೆಯಿತು. ಆರು ದಿನದಿಂದ ಪೆದ್ದಿಯ ಹಾಗೆ ಇದ್ದೆನಲ್ಲ.

ನಮ್ಮ ಊಟ ಮೌನದ ಊಟ. ಏನು ಬೇಕಾದರೂ ಕೈಸನ್ನೆ. ಎರಡೂ ಹೆಬ್ಬೆರಳು ತೋರುಬೆರಳು ಸೇರಿಸಿ ದುಂಡಗೆ ಮಾಡಿದರೆ ರೊಟ್ಟಿ. ಕೈಯನ್ನು ಬಾಲದ ಹಾಗೆ ಆಡಿಸಿದರೆ ಮೀನು. ಎರಡು ಅಂಗೈ ಒಂದಕ್ಕೊಂದು ಒತ್ತಿ, ಒಡೆದ ಹಾಲಿನ ಗಟ್ಟಿಯನ್ನು ಹಿಂಡುವ ಹಾಗೆ ಉಜ್ಜಿದರೆ ಚೀಸ್.

ದಿಯಾಂಬ್ರಳಿಗೆ ಒಂದೇ ಅಂಗೈ ಉಳಿದಿದೆ. ಇನ್ನೊಂದಕ್ಕೆ ನನ್ನದನ್ನು ತಗೊಂಡಿದ್ದಾಳೆ. ಪ್ರಾರ್ಥನೆಯೂ ಇಲ್ಲ, ಏನೂ ಇಲ್ಲ. ಅವಳಿಗೆ ಚೀಸ್ ಬೇಕು.

ನಗು ತಡೆಯಲಾಗದೆ ಕಣಜಕ್ಕೆ ಹೋಗಿ ಒಬ್ಬಳೇ ನಕ್ಕೆ. ಆಮೇಲೆ ನಗು ನಿಂತಿತು. ಇದು ತಪಸ್ಸುಕಾಲ. ನಲವತ್ತು ದಿನ ಮಾಂಸ, ಮೊಟ್ಟೆ, ಹಾಲು, ಚೀಸ್ ಯಾವುದೂ ಇಲ್ಲ. ಬೇರೆ ಮಠಗಳಲ್ಲಿ ಕಾಯಿಲೆಯವರಿಗೆ ವಿನಾಯಿತಿ ಇದೆ. ನಮ್ಮಲ್ಲಿ ಇಲ್ಲ. "ಅಕ್ಕಂದಿರಲ್ಲಿ ಕಾಯಿಲೆಯವಳೂ ಬಿಡಬೇಕು, ನಾನೂ ಬಿಡಬೇಕು" ಅಂತ ಹದಿನೆಂಟು ವರ್ಷದ ಹಿಂದೆ ಬರೆಸಿದವಳು ಇದೇ ದಿಯಾಂಬ್ರ. ಆಗ ಹಸಿವು ಅವಳ ಹತ್ತಿರ ಸುಳಿಯುತ್ತಿರಲಿಲ್ಲ.

ಈ ಸನ್ನೆಗಳು ಹುಟ್ಟಿದ್ದು ಹೇಗೆ ಅಂತಲೂ ಬರೆದಿಡುತ್ತೇನೆ, ಕೊಂತೆಸ್ಸಳಿಗೆ ಕೊಟ್ಟ ಹಾಳೆಯಲ್ಲಿ ಇದು ಇಲ್ಲ. ದಿಯಾಂಬ್ರಳ ಗಂಡ ತೀರಿಕೊಂಡಾಗ ಅವಳಿಗೆ ಇಪ್ಪತ್ತಮೂರು. ಅಣ್ಣಂದಿರು ಇನ್ನೊಂದು ಮದುವೆ ಗೊತ್ತುಮಾಡಿದರು. ಅವಳು ಕೂದಲು ಕತ್ತರಿಸಿಕೊಂಡು ಈ ಬೆಟ್ಟದ ದಾರಿ ಹಿಡಿದಳು, ನಾನು ಗಂಟು ಹೊತ್ತು ಹಿಂದೆ ಬಂದೆ. ದಾರಿಯ ಪಕ್ಕ ಕುಷ್ಠದವರು ಬಿಟ್ಟುಹೋಗಿದ್ದ ಒಂದು ಗುಡಿಸಲಿತ್ತು, ಅದೇ ಮನೆಯಾಯಿತು. ಮೊದಲ ಚಳಿಗಾಲ ಪೂರ್ತಿ ಒಣ ಚೆಸ್ಟ್‌ನಟ್ ತಿಂದುಕೊಂಡು ಜಗಳ ಆಡಿದೆವು. ನೀರು ಯಾರು ತರಬೇಕು, ಹುಣ್ಣು ಯಾರು ತೊಳೆಯಬೇಕು, ಎಲ್ಲಕ್ಕೂ ಜಗಳ. ಒಂದು ದಿನ ಅವಳು, "ಇವತ್ತಿನಿಂದ ಊಟದ ಹೊತ್ತಲ್ಲಿ ಇಬ್ರೂ ಬಾಯಿ ತೆಗೀಬಾರ್ದು. ಇಲ್ಲಾಂದ್ರೆ ನಾನು ನಿನ್ನ ಕೊಂದುಬಿಡ್ತೀನಿ, ಮತ್ತಿಯೋಲ" ಅಂದಳು. ಆ ಮೌನ ಹಾಗೇ ಉಳಿಯಿತು, ಆಮೇಲೆ ಬಂದವರು ಅದನ್ನೇ ನಿಯಮ ಮಾಡಿಕೊಂಡರು. ದೇವರ ದನಿ ಕೇಳಲಿಕ್ಕೆ ಅಮ್ಮ ಮೌನ ತಂದರು ಅಂತ ಕೊಂತೆಸ್ಸ ಬರೆದಿದ್ದಾಳೆ.

ಮಾರ್ಚ್ 1

ಕೊಟ್ಟೆ.

ನೋರ್ಚಾ ಕಡೆಯ ಕುರುಬರು ತಂದದ್ದು, ಪಾಸ್ಖಕ್ಕೆಂದು ಕಟ್ಟಿಟ್ಟ ಕುರಿಹಾಲಿನ ಚೀಸ್. ಉಗುರಿನಷ್ಟು ಕತ್ತರಿಸಿ, ಬಿಸಿನೀರಲ್ಲಿ ಮೆತ್ತಗೆ ಮಾಡಿ, ತುಟಿಯ ಎಡಬದಿಯಿಂದ ಇಟ್ಟೆ. ಅವಳು ಕಣ್ಣು ಮುಚ್ಚಿ ತುಂಬ ಹೊತ್ತು ಚಪ್ಪರಿಸಿದಳು. ಗಂಜಿ ಕೊಟ್ಟರೆ ಉಗುಳುತ್ತಿದ್ದವಳು ಇದನ್ನು ಒಂದು ಚೂರೂ ಬಿಡಲಿಲ್ಲ.

ಪಾಪವಾದರೆ ನನಗೆ ಬರಲಿ. ಅವಳಿಗೆ ಪಾಪ ಮಾಡಲು ಬಲಗೈ ಇಲ್ಲ.

ಮಾರ್ಚ್ 7

ಗಿರಣಿಯವನು ಕಾಲುವೆಗೆ ಕಲ್ಲಿಟ್ಟು ನಮ್ಮ ನೀರನ್ನು ತನ್ನ ಕಡೆ ತಿರುಗಿಸಿಕೊಂಡಿದ್ದಾನೆ. ಕೊಂತೆಸ್ಸ ಬಿಷಪ್ಪರಿಗೆ ಪತ್ರ ಬರೆಯೋಣ ಅಂದಳು. ಉತ್ತರ ಬರುವಷ್ಟರಲ್ಲಿ ಬೀನ್ಸ್ ಗಿಡ ಒಣಗಿರುತ್ತದೆ. ನಾನು ಸೌಟು ಹಿಡಿದುಕೊಂಡೇ ಇಳಿದು ಹೋದೆ.

"ಏನಪ್ಪಾ, ಹೋದ ವರ್ಷ ನಿನ್ನ ಹೆಂಡ್ತಿಗೆ ಜ್ವರ ಬಂದಾಗ ಯಾರ ಮನೇಲಿ ಮಲಗಿಸಿದ್ದೆ?"

"ನಿಮ್ಮನೇಲಿ, ಅಕ್ಕ."

"ಅವಳಿಗೆ ಕುಡಿಸಿದ ನೀರು ಎಲ್ಲಿದು?"

ಅವನೇ ಕಲ್ಲು ತೆಗೆದ. ಅವನ ಹೆಂಡತಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು.

ಚೀಸ್ ದಿನಕ್ಕೊಂದು ಚೂರು, ಎಲ್ಲರೂ ಪ್ರಾರ್ಥನೆಗೆ ಹೋದಾಗ. ಅಡುಗೆಮನೆಯಲ್ಲಿ ನನ್ನ ಜೊತೆಗಿರುವ ಫಿಲಿಪ್ಪೂಚಳಿಗೂ ಹೇಳಿಲ್ಲ. ಅವಳು ಒಳ್ಳೆಯವಳು, ಆದರೆ ಅವಳ ಬಾಯಲ್ಲಿ ಏನೂ ನಿಲ್ಲುವುದಿಲ್ಲ.

ಮಾರ್ಚ್ 12

ಒಲೆಗೆ ಹಸಿ ಸೌದೆ. ಕಣ್ಣುರಿ. ಇವತ್ತು ಇಷ್ಟೇ.

ಮಾರ್ಚ್ 15

ಕೊಂತೆಸ್ಸ ಬರೆದಷ್ಟು ಚರಿತ್ರೆಯನ್ನು ಓದಿ ತೋರಿಸಿದಳು. ಚೆನ್ನಾಗಿದೆ, ಯಾರದೋ ಚರಿತ್ರೆ. ಅಮ್ಮ ಈ ಬೆಟ್ಟ ಹತ್ತಿದ ದಿನ ಮುಂದೆ ಒಂದು ಬೆಳಕು ದಾರಿ ತೋರಿಸಿತಂತೆ.

"ಅದು ಸುಣ್ಣದ ಭಟ್ಟಿ" ಅಂದೆ.

"ದೇವರು ಸುಣ್ಣದ ಭಟ್ಟಿಯಿಂದ್ಲೂ ದಾರಿ ತೋರಿಸಬಹುದಲ್ಲ, ಅಕ್ಕ."

"ತೋರಿಸಬಹುದು. ಆದ್ರೆ ಭಟ್ಟಿ ಅಂತ ಬರಿ."

ಬರೆಯುತ್ತಾಳೋ ಇಲ್ಲವೋ ಗೊತ್ತಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಹದಿನಾರು ವರ್ಷದ ಹಿಂದೆ ಬಂದಾಗ ಅವಳಿಗೆ ಸೊಪ್ಪು ಬಿಡಿಸಲೂ ಬರುತ್ತಿರಲಿಲ್ಲ. ಈಗ ಹುಣ್ಣು ತೊಳೆಯುವಾಗ ಮುಖ ತಿರುಗಿಸುವುದಿಲ್ಲ. ಒಳ್ಳೆಯ ಹಿರಿಯಳಾಗುತ್ತಾಳೆ, ಸ್ವಲ್ಪ ನಗುವುದನ್ನು ಕಲಿತರೆ.

ಬಾಣಂತಿಯನ್ನು ಇನ್ನೂ ಹದಿನೈದು ದಿನ ಕಳಿಸಬಾರದು ಅಂತ ಹೇಳಿದೆ. ಕುಷ್ಠದವನ ಹಾಸಿಗೆಯನ್ನು ಬಿಸಿಲು ಬೀಳುವ ಮೂಲೆಗೆ ಹಾಕಿಸಿದೆ. ಜಗಳ ಆಡಿಕೊಂಡಿದ್ದ ಇಬ್ಬರು ಅಕ್ಕಂದಿರನ್ನು ಒಂದೇ ದೊಡ್ಡ ಕಡಾಯಿ ಉಜ್ಜಲು ಕೂರಿಸಿದೆ, ಬೇರೆ ದಾರಿ ಇರಲಿಲ್ಲ. ನನ್ನ ಅಡುಗೆ ಕೆಲಸ ನನಗೇ ಸಾಕಾಗಿದೆ, ಇದೆಲ್ಲ ಯಾರಾದರೂ ನೋಡಿಕೊಳ್ಳಬಾರದೇ.

ಮಾರ್ಚ್ 22

ದೋನ್ ಬೆರಾರ್ದೋ ಬಂದರು. ದಪ್ಪ ಮನುಷ್ಯ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಕೆಟ್ಟವರಲ್ಲ. ಕುರ್ಚಿ ಕೊಟ್ಟೆವು. ಹಾಸಿಗೆಯ ಒಂದು ಪಕ್ಕ ಕೊಂತೆಸ್ಸ, ಇನ್ನೊಂದು ಪಕ್ಕ ದಿಂಬು ಹಿಡಿದು ನಾನು. ಉಳಿದವರು ಕಾಲ ಬಳಿ. ಬಾಗಿಲು ಕಾಯುವ ಮಾಸ್ಸಿಯಜ್ಜಿ ಕೂಡ ಬಂದಿದ್ದಳು, ಅವಳಿಗೆ ಕಿವಿ ಕೇಳದಿದ್ದರೂ.

ಅವರು ಅಮ್ಮನ ಮುಖದ ಹತ್ತಿರ ಬಗ್ಗಿ ಗಟ್ಟಿಯಾಗಿ ಕೇಳಿದರು. "ತಾಯಿ, ನಿಮ್ಮ ನಂತರ ಇವರಿಗೆ ತಾಯಿ ಯಾರು? ತೋರಿಸ್ತೀರಾ?"

ಅಮ್ಮ ಅವರನ್ನು ನೋಡಿದಳು. ಕೊಂತೆಸ್ಸಳನ್ನು ನೋಡಿದಳು. ಎಡಗೈ ಎತ್ತಿದಳು. ಕೊಂತೆಸ್ಸ ಆ ಕೈಯ ಪಕ್ಕದಲ್ಲೇ ಕೂತಿದ್ದಳು. ಕೈ ಅವಳನ್ನು ಬಿಟ್ಟು, ಅಮ್ಮನ ಎದೆಯ ಮೇಲಿಂದ ಈ ಕಡೆ ಬಂದು, ನನ್ನ ಕೈ ಹುಡುಕಿ ಹಿಡಿಯಿತು. ಅಂಗೈಗೆ ಅಂಗೈ ಇಟ್ಟು ಒತ್ತಿದಳು. ಉಜ್ಜಿದಳು. ಮೂರು ಸಲ.

ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ದೋನ್ ಬೆರಾರ್ದೋ ಬಂದುಬಿಟ್ಟಿದ್ದರು. ಇವತ್ತು ಅವಳಿಗೆ ಚೀಸ್ ಕೊಡುವುದು ತಪ್ಪಿಹೋಗಿತ್ತು.

ಬಾಯಿ ತೆಗೆಯಬೇಕು ಅನ್ನುವಷ್ಟರಲ್ಲಿ ಕೊಂತೆಸ್ಸ ಎದ್ದಳು. ಹಾಸಿಗೆ ಸುತ್ತಿಕೊಂಡು ಬಂದು ನನ್ನ ಮುಂದೆ ಮಂಡಿಯೂರಿ ನನ್ನ ಕೈಗೆ ಮುತ್ತಿಟ್ಟಳು. ಅವಳ ಹಿಂದೆ ಫಿಲಿಪ್ಪೂಚ. ಆಮೇಲೆ ಎಲ್ಲರೂ. ಮಾಸ್ಸಿಯಜ್ಜಿ ಕೊನೆಗೆ, ಮಂಡಿ ಹಿಡಿದುಕೊಂಡು.

"ಹೆಸರೇನು?" ಅಂತ ಕೇಳಿದರು ದೋನ್ ಬೆರಾರ್ದೋ.

"ಮತ್ತಿಯೋಲ" ಅಂದೆ. ಅದೊಂದೇ ನನ್ನ ಬಾಯಿಂದ ಬಂದದ್ದು. ಅವರು ಬರೆದುಕೊಂಡರು. ಪಾಸ್ಖ ಮುಗಿದ ಮಾರನೆಯ ದಿನ ಬಿಷಪ್ಪರ ಮುದ್ರೆಯ ಪತ್ರ ತರುತ್ತೇನೆ ಅಂತ ಹೇಳಿ ಹೋದರು.

ಮಾರ್ಚ್ 23

ಹೇಳಲಿಲ್ಲ.

ಮಾರ್ಚ್ 25, ಮಂಗಳವಾರ್ತೆಯ ಹಬ್ಬ

ಹೇಳಿದರೆ ಏನಾಗುತ್ತದೆ ಅಂತ ಮೂರು ದಿನದಿಂದ ಯೋಚಿಸುತ್ತಿದ್ದೇನೆ. ಬಾಗಿಲು ಮುಚ್ಚುತ್ತಾರೆ. ಇನ್ನೊಂದು ಸಲ ಕೇಳಿಸಿದರೂ ಅವಳು ಚೀಸನ್ನೇ ಕೇಳುತ್ತಾಳೆ. ಹೇಳದಿದ್ದರೆ ನಾನು ಒಂದು ಚೂರು ಚೀಸಿನಿಂದ ಈ ಮನೆಯ ಅಮ್ಮನಾಗುತ್ತೇನೆ. ಕೊಂತೆಸ್ಸ ಕೂರಬೇಕಾದ ಜಾಗದಲ್ಲಿ ಪಾತ್ರೆ ತೊಳೆಯುವವಳು ಕೂರುತ್ತಾಳೆ. ಪಾಪ ಅವಳು, ನನ್ನ ಕೈಗೆ ಮುತ್ತು ಬೇರೆ ಇಟ್ಟಳು. ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ದಿಯಾಂಬ್ರಳನ್ನೇ ಕೇಳಿದೆ. "ನಿಜ ಹೇಳು. ಅವತ್ತು ನೀನು ಕೇಳಿದ್ದು ನನ್ನನ್ನೋ, ಚೀಸನ್ನೋ?"

ಅವಳ ಬಾಯಿಯ ಎಡಬದಿ ನಕ್ಕಿತು. ಲಕ್ವ ಹೊಡೆದ ಮೇಲೆ ಮೊದಲ ನಗು. ನನ್ನ ಅಂಗೈ ಎಳೆದು ಒತ್ತಿದಳು.

"ಅದೇ ಕೇಳ್ತಿರೋದು, ಯಾವುದು?"

ಇನ್ನೊಂದು ಸಲ ಒತ್ತಿದಳು. ಚೀಸ್ ಕೊಟ್ಟೆ. ತಿಂದು ಮಲಗಿದಳು. ಇನ್ನೇನು ಬೇಕು ಸಾಕ್ಷಿ. ನಲವತ್ತು ವರ್ಷ ಜೊತೆಗಿದ್ದರೂ ಇವಳಿಂದ ಒಂದು ಸರಿಯಾದ ಉತ್ತರ ಸಿಕ್ಕಿದ್ದಿಲ್ಲ.

ಮಾರ್ಚ್ 29, ಮಂಗಳವಾರ

ದಿಯಾಂಬ್ರ ಇವತ್ತು ಬೆಳಿಗ್ಗೆ ಹೋದಳು. ನಾನು ಗಂಜಿ ಆರಿಸುತ್ತಿದ್ದೆ. ತಿರುಗಿ ನೋಡಿದಾಗ ಉಸಿರಿರಲಿಲ್ಲ.

ಮೈ ತೊಳೆದದ್ದು ನಾನು ಮತ್ತು ಕೊಂತೆಸ್ಸ. ಎಷ್ಟು ಸಣ್ಣಗಾಗಿದ್ದಳು. ಎಡಗೈಯ ಅಂಗೈ ಮಾತ್ರ ಮೊದಲಿನ ಹಾಗೇ ಒರಟು. ಕೊಂತೆಸ್ಸ ಅಳುತ್ತ, "ಇನ್ನು ಮೂರು ದಿನ ಇದ್ದಿದ್ರೆ ಶುಭ ಶುಕ್ರವಾರ ಆಗ್ತಿತ್ತು, ಚರಿತ್ರೆಗೆ ಚೆನ್ನಾಗಿರ್ತಿತ್ತು" ಅಂದಳು. ನಾನೂ ಅಳುತ್ತಿದ್ದವಳು ನಕ್ಕುಬಿಟ್ಟೆ. ಅವಳೂ ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಇದೇ ಮೊದಲು.

ಈಗ ಕೇಳಲಿಕ್ಕೂ ಅವಳಿಲ್ಲ.

ಏಪ್ರಿಲ್ 3, ಪಾಸ್ಖ

ಮೇಜಿನ ಮೇಲೆ ಮೊಟ್ಟೆ, ಕುರಿಮರಿ ಮಾಂಸ, ಚೀಸ್ ಹಾಕಿದ ರೊಟ್ಟಿ. ಎಲ್ಲರೂ ತಿಂದರು. ಊಟದ ಮಧ್ಯೆ ಫಿಲಿಪ್ಪೂಚ ನನ್ನ ಕಡೆ ನೋಡಿ ಎರಡು ಅಂಗೈ ಒತ್ತಿ ಉಜ್ಜಿದಳು, ಚೀಸ್ ರೊಟ್ಟಿ ಈ ಕಡೆ ಕೊಡು ಅಂತ. ನಾನು ಎದ್ದು ಹೊರಗೆ ಹೋದೆ.

ನಾಳೆ ದೋನ್ ಬೆರಾರ್ದೋ ಬರುವ ಮುಂಚೆ ಎಲ್ಲರಿಗೂ ಹೇಳಿಬಿಡುತ್ತೇನೆ. ಮನೆ ಹೋದರೆ ಹೋಗಲಿ. ಸುಳ್ಳಿನ ಮೇಲೆ ಕೂತು ನಾನು ಯಾರಿಗೂ ಅಮ್ಮ ಅನ್ನಿಸಿಕೊಳ್ಳಲಾರೆ.

ಏಪ್ರಿಲ್ 4

ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಎಲ್ಲರನ್ನೂ ಊಟದ ಕೋಣೆಗೆ ಕರೆದೆ. ಕೂರಿ ಅಂದೆ. ಕೂತರು.

"ಅಮ್ಮ ಅವತ್ತು ನನ್ನನ್ನ ಆರಿಸಲಿಲ್ಲ" ಅಂದೆ. "ಅವಳು ಚೀಸ್ ಕೇಳಿದ್ಲು. ತಪಸ್ಸುಕಾಲದಲ್ಲಿ ದಿನಾ ಕೇಳ್ತಿದ್ಲು, ನಾನು ದಿನಾ ಕದ್ದು ಕೊಡ್ತಿದ್ದೆ. ಬಲಗೈ ಇರಲಿಲ್ಲವಲ್ಲ, ಅದಕ್ಕೆ ನನ್ನ ಕೈ ಹಿಡ್ಕೊಳ್ತಿದ್ಲು. ದೋನ್ ಬೆರಾರ್ದೋ ಬಂದ ದಿನಾನೂ ಅಷ್ಟೇ. ಇದು ನನ್ನೊಬ್ಬಳಿಗೇ ಗೊತ್ತಿತ್ತು. ನಾನು ಹೇಳಲಿಲ್ಲ."

ಮಾಸ್ಸಿಯಜ್ಜಿ ಏನಂತೆ ಅಂತ ಪಕ್ಕದವಳ ತೋಳು ಜಗ್ಗಿದಳು. ಫಿಲಿಪ್ಪೂಚ ಅವಳ ಕಡೆ ತಿರುಗಿ ಅಂಗೈಗೆ ಅಂಗೈ ಉಜ್ಜಿ ತೋರಿಸಿದಳು. ಅಜ್ಜಿ, "ಓ, ಅದಾ. ಇವತ್ತು ಹೇಳ್ತಿದಾಳಾ?" ಅಂದಳು, ಕಿವುಡರ ಗಟ್ಟಿ ದನಿಯಲ್ಲಿ.

ನಾನು ಕೊಂತೆಸ್ಸಳನ್ನು ನೋಡಿದೆ.

"ಹದಿನಾರು ವರ್ಷ ಈ ಮೇಜಿನ ಮುಂದೆ ಬಾಯಿ ಮುಚ್ಕೊಂಡು ಊಟ ಮಾಡಿದೀನಿ, ಅಕ್ಕ" ಅಂದಳು ಅವಳು. "ಚೀಸ್ ಕೇಳೋದು ಹೇಗೆ ಅಂತ ನನಗೆ ಗೊತ್ತಿಲ್ವಾ? ಮೊದಲ ದಿನ ತಪ್ಪು ತಿಳ್ಕೊಂಡೆ, ನಿಜ. ಆಮೇಲೆ ಆ ಕೋಣೆಯ ವಾಸನೆಗೇ ಎಲ್ಲರಿಗೂ ಗೊತ್ತಾಯ್ತು."

"ನೀನು ಒಳಗಿದ್ದಾಗ ನಾವು ಪ್ರಾರ್ಥನೆ ಸ್ವಲ್ಪ ಎಳೀತಿದ್ವಿ" ಅಂದಳು ಫಿಲಿಪ್ಪೂಚ. "ಅಮ್ಮ ನಿಧಾನಕ್ಕೆ ತಿನ್ನಲಿ ಅಂತ."

ನಾನೂ ಬೆಂಚಿನ ಮೇಲೆ ಕೂತೆ. "ಗೊತ್ತಿದ್ದೂ ಮಂಡಿಯೂರಿದ್ರಾ?"

"ದೋನ್ ಬೆರಾರ್ದೋಗೆ ಸನ್ನೆ ಗೊತ್ತಿರಲಿಲ್ಲ. ಯಾರನ್ನ ಅಂತ ಕೇಳಿದ್ರು. ಅಮ್ಮ ನಿನ್ನ ಕೈ ಹಿಡಿದ್ರು. ಯಾಕೆ ಅಂತ ಅವರು ಕೇಳಲಿಲ್ಲ, ನಾವು ಹೇಳಲಿಲ್ಲ" ಅಂದಳು ಕೊಂತೆಸ್ಸ. ತನ್ನ ಕೈ ನೋಡಿಕೊಂಡಳು. "ನನ್ನ ಕೈ ಅವರಿಗೆ ಹತ್ತಿರ ಇತ್ತು, ಅಕ್ಕ. ನನ್ನನ್ನ ಕೇಳಿದ್ರೆ ನಾನು ನಿಯಮ ಓದಿ ಹೇಳ್ತಿದ್ದೆ. ಅದು ಅವರಿಗೆ ಗೊತ್ತಿತ್ತು. ಹಸಿದಾಗ ಯಾರನ್ನ ಕೇಳ್ಬೇಕೋ ಅವಳನ್ನೇ ಕೇಳಿದ್ರು. ನಮಗೂ ಬೇಕಾಗಿರೋದು ಅಂಥವಳೇ."

ನನಗೆ ಸಿಟ್ಟು ಬಂತು. ಒಂದು ತಿಂಗಳು ನಾನೊಬ್ಬಳೇ ನರಕಕ್ಕೆ ಹೋಗುತ್ತಿದ್ದೇನೆ ಅಂದುಕೊಂಡಿದ್ದೆ, ಇವರೆಲ್ಲ ಗೊತ್ತಿದ್ದು ಸುಮ್ಮನಿದ್ದರು. ಅಡುಗೆಮನೆಗೆ ಹೋಗಿ ಬೆನ್ನು ತಿರುಗಿಸಿ ನಿಂತು ಚೆನ್ನಾಗಿ ಅತ್ತೆ. ಯಾರೂ ಹಿಂದೆ ಬರಲಿಲ್ಲ. ನನ್ನ ಸ್ವಭಾವ ಇವರಿಗೆ ಗೊತ್ತು. ಆಮೇಲೆ ಯಾತ್ರಿಕರ ರೊಟ್ಟಿಗೆ ಹಿಟ್ಟು ನಾದಲು ಕೂತೆ.

ಸ್ವಲ್ಪ ಹೊತ್ತಿಗೆ ಮಾಸ್ಸಿಯಜ್ಜಿ ಬಾಗಿಲಲ್ಲಿ ನಿಂತಳು. "ದಪ್ಪ ಗುರುಗಳು ಬಂದಿದಾರೆ. ಅಮ್ಮ ಎಲ್ಲಿ ಅಂತ ಕೇಳ್ತಿದಾರೆ. ಏನು ಹೇಳ್ಲಿ?"

ಕೈ ಹಿಟ್ಟಾಗಿದೆ, ತೊಳ್ಕೊಂಡು ಬರ್ತೀನಿ, ಅಲ್ಲೀವರೆಗೂ ಕುರ್ಚಿ ಕೊಡು ಅಂತ ಸನ್ನೆ ಮಾಡಿದೆ.